ಹಳೇ ಮ್ಯಾಸಿ 1035 ಟ್ರ್ಯಾಕ್ಟರ್: ಗ್ರೀಸ್ ನಿಪ್ಪಲ್ ಎಲ್ಲೆಲ್ಲಿವೆ? ಗೊತ್ತಿದ್ದವರು ಹೇಳಿ

ನಾಲೆ ಬಯಲು (ಮಲೇಬೆನ್ನೂರು ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಇದೆ, 1994ರ ಗಾಡಿ. ದೊಡ್ಡಪ್ಪ ಕೊಂಡಿದ್ದು. ಅವರು ಇರುವವರೆಗೂ ಅದಕ್ಕೆ ಬೇರೆಯವರ ಕೈ ಹಾಕಲು ಬಿಡುತ್ತಿರಲಿಲ್ಲ. ಈಗ ಓಡಿಸುವುದು, ನೋಡಿಕೊಳ್ಳುವುದು ಎರಡೂ ನನ್ನ ಪಾಲಿಗೆ ಬಂದಿದೆ. ಮಾರಿ ಹೊಸದು ತಗೋ ಅಂತ ಹೇಳುವವರು ತುಂಬಾ ಜನ. ನನಗೆ ಮನಸ್ಸಿಲ್ಲ. ಇಂಜಿನ್ ಚೆನ್ನಾಗಿದೆ, ಬೆಳಗ್ಗೆ ಒಂದೇ ಸೆಲ್ಫ್‌ಗೆ ಎದ್ದು ನಿಲ್ಲುತ್ತೆ.

ತೊಂದರೆ ಇರುವುದು ಬೇರೆ ಕಡೆ. ಸ್ಟೇರಿಂಗ್ ಬಿಗಿ. ತಿರುವು ದಾಟಿದ ಮೇಲೆ ತಾನಾಗಿ ವಾಪಸ್ ಬರಲ್ಲ, ಎಳೆದು ತರಬೇಕು. ಕ್ಲಚ್ ಪೆಡಲ್ ಒತ್ತಿ ಬಿಟ್ಟರೆ ನಿಧಾನಕ್ಕೆ ಮೇಲೆ ಬರುತ್ತೆ, ಒಮ್ಮೊಮ್ಮೆ ಕಾಲಿನ ತುದಿಯಿಂದ ಎತ್ತಬೇಕು. ಬದು ಹತ್ತಿ ಇಳಿಯುವಾಗ ಮುಂದಿನ ಆಕ್ಸಲ್ ಕಿರ್ರ್ ಅನ್ನುತ್ತೆ.

ನನ್ನ ಕಣ್ಣಿಗೆ ಕಾಣುವ ನಿಪ್ಪಲ್ (ಗನ್ ಕೂರಿಸಿ ಗ್ರೀಸ್ ತುಂಬುವ ಸಣ್ಣ ಮೂತಿ) ಅಂದರೆ ಮುಂದಿನ ಎರಡು ಸ್ಪಿಂಡಲ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ನಿಂತ ಪಿನ್) ಹತ್ತಿರ ಒಂದೊಂದು, ಹಿಂದೆ ಬಲಗಡೆ ನೇಗಿಲಿನ ಮಟ್ಟ ಸರಿಮಾಡುವ ಲೆವೆಲಿಂಗ್ ಬಾಕ್ಸ್‌ನಲ್ಲಿ ಒಂದು. ಇಷ್ಟೇ ಇರಲು ಸಾಧ್ಯವೇ ಇಲ್ಲ ಅಲ್ವಾ? ಉಳಿದ ಕಡೆ ಎಲ್ಲಾ ಹಳೇ ಗ್ರೀಸು, ಮಣ್ಣು, ಭತ್ತದ ಹೊಟ್ಟು ಸೇರಿ ಕಲ್ಲಿನಂತೆ ಕೂತಿದೆ. ಗಾಡಿಯ ಪುಸ್ತಕ ಮನೆಯಲ್ಲಿಲ್ಲ. ವಾಟರ್ ಸರ್ವಿಸ್‌ಗೆ ಬಿಟ್ಟರೆ "ಎಲ್ಲಾ ಕಡೆ ಹೊಡೆದಿದ್ದೀವಿ" ಅಂತಾರೆ, ಬಂದು ನೋಡಿದರೆ ಅದೇ ಮೂರು ಕಡೆ ಹೊಸ ಗ್ರೀಸ್ ಅಂಟಿರುತ್ತೆ.

ನಾಲೆಗೆ ನೀರು ಬಿಟ್ಟರೆ ಕೇಜ್ ವೀಲ್ (ಕಬ್ಬಿಣದ ಪಟ್ಟಿಯ ಚಕ್ರ) ಹಾಕಿ ಕೆಸರಿಗೆ ಇಳಿಸಲೇಬೇಕು. ಅಷ್ಟರೊಳಗೆ ಎಲ್ಲಾ ಜಾಗಕ್ಕೂ ಗ್ರೀಸ್ ಮುಟ್ಟಿಸಬೇಕು ಅಂತ ಆಸೆ. ಯಾವ್ಯಾವ ಜಾಗ ಹುಡುಕಲಿ? ಹೇಗೆ ಹುಡುಕಲಿ?

ತುಂಗಭದ್ರಾ ಎಡದಂಡೆ

ನಮ್ಮಲ್ಲೂ ಇದೇ ಗಾಡಿ ಇತ್ತು. ರೇಡಿಯೇಟರ್ ಕೆಳಗೆ ಮಲಗಿ ನೋಡಿ, ಮುಂದಿನ ಆಕ್ಸಲ್ ತೂಗುವ ಸೆಂಟರ್ ಪಿನ್‌ನ ನಿಪ್ಪಲ್ ಅಲ್ಲಿರುತ್ತೆ. ಕಿರ್ರ್ ಅನ್ನೋದು ಅದೇ. ಕ್ಲಚ್ ಪೆಡಲ್, ಬ್ರೇಕ್ ಪೆಡಲ್ ಶಾಫ್ಟ್‌ಗೂ ಇರುತ್ತೆ. ಫುಟ್‌ರೆಸ್ಟ್ ಕೆಳಗೆ ಬ್ಯಾಟರಿ (ಟಾರ್ಚ್) ಹಾಕಿ ಹುಡುಕಿ.

ಹರಿಹರ ಮೆಕ್ಯಾನಿಕ್

ತಮ್ಮಾ, ಮೊದಲು ಒಂದು ಮಾತು. ಗಾಡಿ ಮಾರಬೇಡ. ಸಿಂಪ್ಸನ್ ಇಂಜಿನ್ ಸರಿಯಾಗಿ ಎದ್ದು ನಿಲ್ಲುತ್ತಿದೆ ಅಂದರೆ ಉಳಿದಿದ್ದೆಲ್ಲ ಗ್ರೀಸು, ಬುಷ್ಷು (ಪಿನ್ ಸುತ್ತ ಕೂರುವ ಲೋಹದ ಕೊಳವೆ), ಪಿನ್ನಿನ ಕೆಲಸ. ಅದು ಮನೆ ಮುಂದೆಯೇ ಆಗುತ್ತೆ. ನಾನು ಹೆಚ್ಚು ಕೆಲಸ ಮಾಡಿರುವುದು ಮ್ಯಾಸಿ ಗಾಡಿಗಳ ಮೇಲೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಪ್ಪಲ್ ಹುಡುಕಬೇಡ. ಅಲುಗಾಡುವ ಜಾಗ ಹುಡುಕು. ಒಂದು ಕಬ್ಬಿಣ ಇನ್ನೊಂದರ ಒಳಗೆ ಎಲ್ಲಿ ತಿರುಗುತ್ತೆ, ಎಲ್ಲಿ ತೂಗುತ್ತೆ ಅಂತ ನೋಡು. ಅಲ್ಲಿ ಎಣ್ಣೆಯಾದರೂ ಇರಬೇಕು, ಗ್ರೀಸ್ ಆದರೂ ಇರಬೇಕು. ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಎಣ್ಣೆಯಲ್ಲೇ ಮುಳುಗಿವೆ, ಅವನ್ನು ಬಿಡು. ಉಳಿದದ್ದನ್ನು ಹೀಗೆ ನೋಡು: ಮನೆಯವರು ಯಾರನ್ನಾದರೂ ಸೀಟಿನ ಮೇಲೆ ಕೂರಿಸು. ಇಂಜಿನ್ ಆಫ್, ಹಿಂದಿನ ಟೈರಿಗೆ ಕಲ್ಲು ಕೊಟ್ಟಿರಬೇಕು. ಅವರು ಕ್ಲಚ್ ಒತ್ತಲಿ, ಬ್ರೇಕ್ ಒತ್ತಲಿ, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಲಿ. ನೀನು ಕೆಳಗೆ ಬ್ಯಾಟರಿ ಹಿಡಿದುಕೊಂಡು ಎಲ್ಲಿ ಏನು ಅಲುಗಾಡುತ್ತೆ ನೋಡು. ಹೆಪ್ಪುಗಟ್ಟಿದ ಮಣ್ಣು ಆ ಜಾಗದಲ್ಲೇ ಬಿರುಕು ಬಿಡುತ್ತೆ. ಆ ಬಿರುಕಿನ ಸುತ್ತ ಕೆರೆದರೆ ನಿಪ್ಪಲ್ ಸಿಗುತ್ತೆ, ಇಲ್ಲಾ ನಿಪ್ಪಲ್ ಮುರಿದು ಹೋಗಿರುವ ತೂತು ಸಿಗುತ್ತೆ.

ಕೆರೆಯುವುದಕ್ಕೆ ಮುಂಚೆ ಹಿಂದಿನ ದಿನ ಸಂಜೆಯೇ ಡೀಸೆಲ್ ಬಳಿದು ಬಿಡು. ಬೆಳಗ್ಗೆ ಚಪ್ಪಟೆ ಸ್ಕ್ರೂ ಡ್ರೈವರ್, ಆಮೇಲೆ ವೈರ್ ಬ್ರಷ್, ಕೊನೆಗೆ ಬಟ್ಟೆ. ಜೋರು ನೀರಿನ ಪೈಪ್ ಬೇಡ. ಅದು ಮಣ್ಣನ್ನು ಬುಷ್ ಒಳಕ್ಕೆ ನೂಕುತ್ತೆ.

ಮುಂದಿನಿಂದ ಶುರು ಮಾಡೋಣ. ಎಡಕ್ಕೊಂದು ಬಲಕ್ಕೊಂದು ಸ್ಪಿಂಡಲ್, ಅದು ನಿನಗೆ ಸಿಕ್ಕಿದೆ. ಟೈ ರಾಡ್ ಎಂಡ್‌ಗಳನ್ನು (ಸ್ಟೇರಿಂಗ್ ಸರಳಿನ ತುದಿಯ ಕೀಲು) ನೋಡು. ಹಳೇ ಎಂಡ್‌ಗಳಲ್ಲಿ ನಿಪ್ಪಲ್ ಇರುತ್ತೆ, ಆಮೇಲೆ ಯಾರಾದರೂ ಬದಲಿಸಿ ಹಾಕಿದ್ದರೆ ಸೀಲ್ ಆಗಿರುವುದು ಬಂದಿರುತ್ತೆ, ಅದಕ್ಕೆ ಗ್ರೀಸ್ ಹೋಗಲ್ಲ. ರಬ್ಬರ್ ಬೂಟು ಹರಿದಿದೆಯಾ ಅಂತ ಮಾತ್ರ ನೋಡು. ಮುಂದಿನ ಹಬ್‌ನಲ್ಲಿ ಸಾಮಾನ್ಯವಾಗಿ ನಿಪ್ಪಲ್ ಇರಲ್ಲ. ಕ್ಯಾಪ್ ಬಿಚ್ಚಿ, ಬೇರಿಂಗ್ ತೆಗೆದು, ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗ್ ಅಂಚನ್ನು ಒತ್ತಿ ಒತ್ತಿ ತುಂಬಬೇಕು. ಈ ಕಡೆ ಒತ್ತಿದ್ದು ಆ ಕಡೆ ರೋಲರ್ ಸಂದಿಯಲ್ಲಿ ಬರಬೇಕು. ಕೆಸರಿನ ಕೆಲಸ ಮುಗಿದ ಮೇಲೆ ಇದನ್ನು ತಪ್ಪದೆ ಮಾಡು. ಸೀಲ್ ಹಳೇದಾಗಿದ್ದರೆ ಒಳಗೆ ನೀರು ಹೋಗೇ ಇರುತ್ತೆ.

ಸೆಂಟರ್ ಪಿನ್ ಎಲ್ಲರೂ ಬಿಟ್ಟುಬಿಡುವ ಜಾಗ. ಮುಂದಿನ ಆಕ್ಸಲ್ ಪೂರ್ತಿ ಆ ಒಂದು ಪಿನ್ ಮೇಲೆ ತೂಗುತ್ತೆ. ಕೆಲವು ಗಾಡಿಯಲ್ಲಿ ನಿಪ್ಪಲ್ ಪಿನ್‌ನ ಮೂತಿಯಲ್ಲೇ ಇರುತ್ತೆ, ಕೆಲವು ಗಾಡಿಯಲ್ಲಿ ಆಕ್ಸಲ್ ಬೀಮ್ ಕಡೆ ಇರುತ್ತೆ. ಮುಂದೆ ಬಂಪರ್ ಅಥವಾ ಭಾರ ಕಟ್ಟಿದ್ದರೆ ಅದರ ಹಿಂದೆ ಮುಚ್ಚಿಹೋಗಿರುತ್ತೆ.

ಇನ್ನು ಪೆಡಲ್. ಕ್ಲಚ್ ಪೆಡಲ್ ಬುಡದಲ್ಲೊಂದು, ಬ್ರೇಕ್ ಪೆಡಲ್ ಬುಡದಲ್ಲೊಂದು ಇರಬೇಕು. ನಮ್ಮ ಕಡೆ ಒಂದು ಅಭ್ಯಾಸ ಇದೆ. ಕಾಲಿಡಲು ಚೆನ್ನಾಗಿರಲಿ ಅಂತ ಚೆಕ್ಕರ್ ಶೀಟ್ ವೆಲ್ಡ್ ಮಾಡಿಸುತ್ತಾರೆ. ಆ ಶೀಟು ಸರಿಯಾಗಿ ನಿಪ್ಪಲ್ ಮೇಲೆ ಬಂದು ಕೂರುತ್ತೆ. ನಿನ್ನ ಕ್ಲಚ್ ಪೆಡಲ್ ನಿಧಾನಕ್ಕೆ ಬರುವುದಕ್ಕೆ ಅದೇ ಕಾರಣ ಇರಬಹುದು. ಶೀಟ್ ಕತ್ತರಿಸಬೇಕಿಲ್ಲ. ನೇರ ನಿಪ್ಪಲ್ ಬಿಚ್ಚಿ 45 ಡಿಗ್ರಿಯದೋ 90 ಡಿಗ್ರಿಯದೋ ಹಾಕಿ ಮೂತಿಯನ್ನು ಬಯಲ ಕಡೆ ತಿರುಗಿಸಿದರೆ ಅದಕ್ಕೆ ಗ್ರೀಸ್ ಗನ್ ಕೂರುತ್ತೆ.

ನಿಪ್ಪಲ್ ತರುವಾಗ ಹಳೇದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗು. ಹಳೇ ಮ್ಯಾಸಿಯಲ್ಲಿ ಕಾಲಿಂಚಿನ ಥ್ರೆಡ್ ಸಿಗುತ್ತೆ. ಅಂಗಡಿಯಲ್ಲಿ 6 ಎಂಎಂ ಕೊಟ್ಟರೆ ನೋಡಲು ಒಂದೇ ಥರ ಇರುತ್ತೆ, ಆದರೆ ಕಾಲಿಂಚು ಅಂದರೆ 6.35 ಎಂಎಂ. ಸಡಿಲವಾಗಿ ಕೂರುತ್ತೆ, ಗನ್ ಒತ್ತಿದಾಗ ಹಾರುತ್ತೆ.

ಹಳೇ ಡ್ರಮ್ ಬ್ರೇಕ್ ಇರುವ ಗಾಡಿಗಳಲ್ಲಿ ಹಿಂದಿನ ಚಕ್ರದ ಹತ್ತಿರ ಬ್ರೇಕ್ ಕ್ಯಾಮ್ ಶಾಫ್ಟ್‌ಗೂ ನಿಪ್ಪಲ್ ಕೊಟ್ಟಿರುತ್ತಾರೆ. ನಿನ್ನ ಗಾಡಿಯಲ್ಲಿ ಅದು ಕಂಡರೆ ಅಲ್ಲಿ ಕೈ ಬಿಗಿ ಹಿಡಿ. ಒಂದೇ ಒಂದು ಒತ್ತು ಸಾಕು. ಜಾಸ್ತಿ ಆದರೆ ಗ್ರೀಸ್ ಒಳಗೆ ಹೋಗಿ ಬ್ರೇಕ್ ಲೈನರ್ ಹಾಳು. ಉಳಿದ ಕಡೆ ನಿಯಮ ಇದಕ್ಕೆ ಉಲ್ಟಾ: ಸಂದಿಯಿಂದ ಕಪ್ಪು ಗ್ರೀಸ್ ಹೊರಗೆ ಬರಬೇಕು, ಅದರ ಹಿಂದೆ ಹೊಸದು ಬರಬೇಕು, ಆಮೇಲೆ ನಿಲ್ಲಿಸು. ನಿಪ್ಪಲ್ ಮೂತಿ ಒದ್ದೆ ಆಯ್ತು ಅಂದರೆ ಒಳಗೆ ಹೋಯ್ತು ಅಂತ ಅರ್ಥ ಅಲ್ಲ. ಹೊರಗೆ ಬರುವ ಕಡೆ ಕಣ್ಣಿಡಬೇಕು. ನಿನ್ನ ವಾಟರ್ ಸರ್ವಿಸ್‌ನವರು ಮಾಡದೆ ಬಿಟ್ಟಿರುವುದು ಇದನ್ನೇ.

ಡೈನಮೊ ಇನ್ನೂ ಹಳೇದೇ ಇದ್ದರೆ ಅದರ ಹಿಂದಿನ ಮುಖದಲ್ಲಿ ಒಂದು ಸಣ್ಣ ತೂತು ಇರುತ್ತೆ. ಅಲ್ಲಿ ಗ್ರೀಸ್ ಅಲ್ಲ, ಇಂಜಿನ್ ಆಯಿಲ್ ಎರಡು ಮೂರು ಹನಿ. ಅದನ್ನು ಮರೆತರೆ ಬುಷ್ ಸವೆದು ಒಳಗೆ ತಿರುಗುವ ಆರ್ಮೇಚರ್ ಉಜ್ಜುತ್ತೆ.

ಎಲ್ಲಾ ಸಿಕ್ಕ ಮೇಲೆ ಪ್ರತಿ ನಿಪ್ಪಲ್ ಸುತ್ತ ಹಳದಿ ಪೇಂಟ್ ಒಂದು ಉಂಗುರ ಹಾಕು. ಮುಂದೆ ಯಾರೇ ಗ್ರೀಸ್ ಹೊಡೆದರೂ ಒಂದೂ ತಪ್ಪಲ್ಲ.

ನಾಲೆ ಬಯಲು (ಮಲೇಬೆನ್ನೂರು ಕಡೆ)

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ. ನೀವು ಹೇಳಿದ ಹಾಗೆ ತಮ್ಮನನ್ನು ಸೀಟಿನ ಮೇಲೆ ಕೂರಿಸಿ ನೋಡಿದೆ. ಕ್ಲಚ್ ಪೆಡಲ್ ಬುಡದ ನಿಪ್ಪಲ್ ಶೀಟ್ ಕೆಳಗೇ ಇತ್ತು! 90 ಡಿಗ್ರಿಯದು ಹಾಕಿದೆ. ಮೊದಲು ಬಂದಿದ್ದು ಗ್ರೀಸ್ ಅಲ್ಲ, ತುಕ್ಕಿನ ಬಣ್ಣದ ನೀರು. ಆಮೇಲೆ ಕಪ್ಪು, ಆಮೇಲೆ ಹೊಸದು. ಪೆಡಲ್ ಈಗ ಟಕ್ ಅಂತ ಮೇಲೆ ಬರುತ್ತೆ.

ಸೆಂಟರ್ ಪಿನ್ ನಿಪ್ಪಲ್ ಕೂಡ ಸಿಕ್ಕಿತು. ಆದರೆ ಅದು ಒಂದು ಚೂರೂ ಒಳಗೆ ತಗೊಳ್ಳುತ್ತಿಲ್ಲ. ಗನ್ ಹಿಡಿ ಒತ್ತಿದರೆ ಕಲ್ಲಿಗೆ ಒತ್ತಿದ ಹಾಗೆ ನಿಲ್ಲುತ್ತೆ, ಗ್ರೀಸ್ ಗನ್ ಮೂತಿಯ ಪಕ್ಕದಿಂದ ಬರುತ್ತೆ. ಹೊಸ ನಿಪ್ಪಲ್ ಹಾಕಿದರೂ ಅದೇ ಕತೆ. ಜೋರಾಗಿ ಒತ್ತಲಾ?

ಹರಿಹರ ಮೆಕ್ಯಾನಿಕ್

ಬೇಡ ತಮ್ಮಾ, ಜೋರು ಬೇಡ. ಮತ್ತೆ ಗನ್ ಮೂತಿ ಸೋರುವಾಗ ಅದನ್ನು ಬೆರಳಿನಿಂದ ಮುಚ್ಚಿ ಹಿಡಿಯಬೇಡ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳು. ಗ್ರೀಸ್ ಗನ್ ಒತ್ತಡಕ್ಕೆ ಗ್ರೀಸ್ ಚರ್ಮದೊಳಗೇ ಹೊಕ್ಕುಬಿಡುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಾಣುತ್ತೆ, ನೋವೂ ಮೊದಲು ಅಷ್ಟಿರಲ್ಲ. ಒಳಗೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರುವುದಲ್ಲ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಗ್ರೀಸ್ ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳಬೇಕು.

ಈಗ ಪಿನ್ ವಿಷಯ. ಗಾಡಿಯ ಮುಂಭಾರ ಪೂರ್ತಿ ಪಿನ್ ಮೇಲೆ ಕೂತಿದೆ. ಪಿನ್‌ನ ತಳ ಬುಷ್‌ಗೆ ಅಂಟಿಕೊಂಡಿದೆ. ಸವೆಯುವುದೂ ಅಲ್ಲೇ, ಗ್ರೀಸ್ ಬೇಕಿರುವುದೂ ಅಲ್ಲೇ, ಹೋಗದಿರುವುದೂ ಅಲ್ಲೇ. ಅದಕ್ಕೇ ಭಾರ ಇಳಿಸಿ ಗ್ರೀಸ್ ಹೊಡೆಯಬೇಕು. ಜ್ಯಾಕ್ ಆಕ್ಸಲ್‌ಗೆ ಕೊಡಬೇಡ, ಆಕ್ಸಲ್ ಹಿಡಿದಿರುವ ಮುಂದಿನ ಬ್ರಾಕೆಟ್‌ಗೆ ಕೊಡು. ಆಗ ಆಕ್ಸಲ್ ಚಕ್ರದ ಸಮೇತ ನೇತಾಡುತ್ತೆ, ಪಿನ್ ಕೆಳಗೆ ಸಂದಿ ಬಿಡುತ್ತೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡ. ಗಟ್ಟಿ ಮರದ ದಿಮ್ಮಿ ಎರಡು ಕಡೆ ಕೊಡು. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಟೈರಿಗೆ ಎರಡೂ ಕಡೆ ಕಲ್ಲು ಇಡು.

ಹಾಗೂ ಹೋಗದಿದ್ದರೆ ಒಳಗಿನ ದಾರಿ ಕಟ್ಟಿದೆ. ನಿಪ್ಪಲ್ ಬಿಚ್ಚು. ತೂತಿನಲ್ಲಿ ಗಟ್ಟಿ ತಂತಿ ತಿರುವಿ ಸಿಕ್ಕಷ್ಟು ಕೆರೆದು ತೆಗೆ. ಸಿರಿಂಜ್‌ನಿಂದ ಡೀಸೆಲ್ ತುಂಬಿ ರಾತ್ರಿ ಪೂರ್ತಿ ಬಿಡು. ಬೆಳಗ್ಗೆ ಚಕ್ರ ಹಿಡಿದು ಆಕ್ಸಲ್ ಅನ್ನು ಒಂದು ಕಡೆ ಎತ್ತು, ಇಳಿಸು, ಇನ್ನೊಂದು ಕಡೆ ಎತ್ತು, ಇಳಿಸು. ಇದನ್ನು ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ಬಿಡುತ್ತೆ. ಆಮೇಲೆ ನಿಪ್ಪಲ್ ಹಾಕಿ ನಿಧಾನಕ್ಕೆ ಒತ್ತು, ಒಬ್ಬರು ಒತ್ತುವಾಗ ಇನ್ನೊಬ್ಬರು ಆಕ್ಸಲ್ ಅಲುಗಾಡಿಸಲಿ.

ಸ್ಪಿಂಡಲ್‌ಗೂ ಇದೇ ರೀತಿ. ಚಕ್ರ ಮೇಲಿದ್ದಾಗ ಒತ್ತುತ್ತಾ ಸ್ಟೇರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಭಾರ ಇದ್ದಾಗ ಹೊಡೆದರೆ ಗ್ರೀಸ್ ಮೇಲಿನ ಬುಷ್‌ನಲ್ಲೇ ತಿರುಗಿ ಹೊರಗೆ ಬರುತ್ತೆ, ಭಾರ ಹೊರುವ ಕೆಳಗಿನ ಥ್ರಸ್ಟ್ ಬೇರಿಂಗ್ ಒಣಗೇ ಇರುತ್ತೆ. ನಿನ್ನ ಸ್ಟೇರಿಂಗ್ ಬಿಗಿ ಇರಲು ಅದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತೆ.

ಕುಂದಾಪ್ರ ಗದ್ದೆ

ಒಂದು ಮಾತು ಸೇರಿಸುತ್ತೇನೆ. ಕೆಸರಿಗೆ ರೋಟವೇಟರ್ ಹಾಕುವುದಾದರೆ ಅದಕ್ಕೆ ಇಂಜಿನ್ ಶಕ್ತಿ ಕೊಡುವ ಪಿಟಿಒ ಶಾಫ್ಟ್ ಮರೀಬೇಡಿ. ಅದರ ಕ್ರಾಸ್‌ನ (ಕೀಲಿನ ಕೂಡು ಚಿಹ್ನೆಯಂಥ ತುಂಡು) ನಿಪ್ಪಲ್ ಎರಡು ಯೋಕ್ (ಕವಲು) ಮಧ್ಯೆ ಎಷ್ಟು ಒಳಗೆ ಇರುತ್ತೆ ಅಂದರೆ ಗನ್ ನೇರವಾಗಿ ಹೋಗುವುದೇ ಇಲ್ಲ. ಇಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿಟ್ಟುಕೊಂಡು, ಶಾಫ್ಟ್ ಅನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ನೆಲದ ಮೇಲೆ ಇಡಿ. ಯೋಕ್ ಅನ್ನು ಪೂರ್ತಿ ಮಡಚಿದರೆ ನಿಪ್ಪಲ್ ಬಾಯಿ ತೆರೆದುಕೊಳ್ಳುತ್ತೆ. ಕ್ರಾಸ್‌ನಲ್ಲಿ ನಾಲ್ಕು ಕಪ್ ಇವೆ, ನಾಲ್ಕರ ಅಂಚಿನಲ್ಲೂ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಕಪ್ ಸುಟ್ಟುಹೋಗುತ್ತೆ. ಒಳಗೆ ಹೊರಗೆ ಜಾರುವ ಪೈಪ್‌ಗೂ ಗ್ರೀಸ್ ಹಚ್ಚಿ.

ಹೊತ್ತಿನ ವಿಷಯವೂ ಮುಖ್ಯ. ನಮ್ಮಲ್ಲಿ ಮಳೆಗಾಲ ಪೂರ್ತಿ ಗಾಡಿ ನೀರಿನಲ್ಲೇ. ನಾವು ಗ್ರೀಸ್ ಹೊಡೆಯುವುದು ಸಂಜೆ, ಗದ್ದೆಯಿಂದ ಬಂದು ತೊಳೆದ ಕೂಡಲೇ. ಒಳಗೆ ಹೋದ ನೀರನ್ನು ಹೊಸ ಗ್ರೀಸ್ ಆಗಲೇ ಹೊರಗೆ ನೂಕುತ್ತೆ. ಬೆಳಗ್ಗೆ ಹೊಡೆದರೆ ಆ ನೀರು ರಾತ್ರಿ ಪೂರ್ತಿ ಪಿನ್ ಜೊತೆ ಕೂತು ತುಕ್ಕು ಹಿಡಿಸಿರುತ್ತೆ.

ತುಂಗಭದ್ರಾ ಎಡದಂಡೆ

ಸಂಜೆ ಹೊಡೆಯೋದು ಸರಿ, ನಾವೂ ಹಾಗೇ. ಗ್ರೀಸ್ ಯಾವುದು ಹಾಕ್ತೀರಿ? ನಮ್ಮಲ್ಲಿ ಚಾಸಿಸ್ ಗ್ರೀಸ್ ಅಂತ ಕಡಿಮೆ ರೇಟಿನದು ಸಿಗುತ್ತೆ, ಎಪಿ 3 ಅಂತಲೂ ಸಿಗುತ್ತೆ.

ಹರಿಹರ ಮೆಕ್ಯಾನಿಕ್

ಕುಂದಾಪುರದವರ ಮಾತು ನೂರಕ್ಕೆ ನೂರು ಸರಿ. ಗ್ರೀಸ್ ಬಗ್ಗೆ ಹೇಳುವುದಾದರೆ, ಚಕ್ರದ ಬೇರಿಂಗ್‌ಗೆ ಎಪಿ 3 ಲಿಥಿಯಂ ಗ್ರೀಸ್ ಹಾಕಿ. ಬೇರಿಂಗ್ ಬಿಸಿ ಆಗುತ್ತೆ, ಕ್ಯಾಲ್ಸಿಯಂ ಚಾಸಿಸ್ ಗ್ರೀಸ್ ಕರಗಿ ಹರಿದುಹೋಗುತ್ತೆ. ಪಿನ್, ಬುಷ್, ಪೆಡಲ್‌ಗೆ ಆ ಕ್ಯಾಲ್ಸಿಯಂ ಗ್ರೀಸ್ ಆಗುತ್ತೆ, ನೀರನ್ನು ಚೆನ್ನಾಗಿ ತಡೆಯುತ್ತೆ. ಲಿಥಿಯಂ ನಂಬರ್ 2 (3ಕ್ಕಿಂತ ಮೆತ್ತಗಿನದು) ಆದರೆ ಕೈ ಗನ್‌ನಲ್ಲಿ ಸಲೀಸಾಗಿ ಬರುತ್ತೆ, ಸಣ್ಣ ದಾರಿಯಲ್ಲೂ ಹರಿಯುತ್ತೆ. ಒಂದೇ ಬೇರಿಂಗ್ ಒಳಗೆ ಎರಡು ಜಾತಿ ಬೆರೆಸಬೇಡಿ, ಕೆಲವು ಸೇರಿದರೆ ತೆಳ್ಳಗಾಗಿ ಸೋರುತ್ತವೆ. ಬಣ್ಣ ನೋಡಿ ಜಾತಿ ಹೇಳಲು ಆಗಲ್ಲ, ಡಬ್ಬಿ ಮೇಲೆ ಬರೆದಿರುವುದನ್ನು ಓದಿ. ಡಬ್ಬಿ ಮುಚ್ಚಳ ಮಾತ್ರ ಸದಾ ಮುಚ್ಚಿರಲಿ. ಗ್ರೀಸ್ ಜೊತೆ ಮರಳು ಹೋದರೆ ಅದಕ್ಕಿಂತ ಒಣ ಓಡಿಸುವುದೇ ವಾಸಿ.

ನಾಲೆ ಬಯಲು (ಮಲೇಬೆನ್ನೂರು ಕಡೆ)

ಸೆಂಟರ್ ಪಿನ್ ಬಿಟ್ಟಿತು ಅಣ್ಣಾ. ಡೀಸೆಲ್ ತುಂಬಿ ಬಿಟ್ಟು, ಬ್ರಾಕೆಟ್‌ಗೆ ಜ್ಯಾಕ್ ಕೊಟ್ಟು ಅಲುಗಾಡಿಸಿದ ಮೇಲೆ ಒಂದು ಸಲ ಟಪ್ ಅಂತ ಸದ್ದಾಯ್ತು, ಆಮೇಲೆ ಹಿಂದಿನ ಅಂಚಿನಿಂದ ಕಪ್ಪಗೆ ಉದುರತೊಡಗಿತು. ಕಿರ್ರ್ ಹೋಯ್ತು. ಎಡಗಡೆ ಸ್ಪಿಂಡಲ್ ಕೂಡ ಚೆನ್ನಾಗಿ ತಗೊಂಡಿತು, ಸ್ಟೇರಿಂಗ್ ಅರ್ಧಕ್ಕರ್ಧ ಹಗುರ.

ಬಲಗಡೆ ಸ್ಪಿಂಡಲ್ ಮಾತ್ರ ಹಟ ಮಾಡುತ್ತಿದೆ. ಚಕ್ರ ಎತ್ತಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದರೆ ಲಟಲಟ ಅನ್ನುತ್ತೆ. ಆದರೂ ಗ್ರೀಸ್ ಹೋಗುತ್ತಿಲ್ಲ. ಅಷ್ಟು ಸವೆದಿದ್ದರೆ ಸಲೀಸಾಗಿ ಹೋಗಬೇಕಿತ್ತು ಅಲ್ವಾ? ಹಿಂದೆ ಯಾವಾಗಲೋ ಆ ಕಡೆ ಬುಷ್ ಬದಲಿಸಿದ್ದರು ಅಂತ ಅಪ್ಪ ಹೇಳುತ್ತಾರೆ.

ಹರಿಹರ ಮೆಕ್ಯಾನಿಕ್

ಅಪ್ಪ ಹೇಳಿದ್ದರಲ್ಲೇ ಉತ್ತರ ಇದೆ ತಮ್ಮಾ. ಬುಷ್‌ನಲ್ಲಿ ಒಂದು ತೂತು ಇರುತ್ತೆ. ಬಡಿದು ಕೂರಿಸುವಾಗ ಆ ತೂತು ನಿಪ್ಪಲ್ ತೂತಿಗೆ ಸರಿಯಾಗಿ ಎದುರು ಬರಬೇಕು. ತಿರುಗಿ ಕೂತರೆ ಗ್ರೀಸ್ ಬುಷ್‌ನ ಬೆನ್ನಿಗೆ ಬಂದು ನಿಂತುಬಿಡುತ್ತೆ, ಒಳಗೆ ಸ್ಪಿಂಡಲ್‌ಗೆ ಮುಟ್ಟುವುದೇ ಇಲ್ಲ. ಎಷ್ಟು ಸವೆದಿದ್ದರೂ ಹೋಗಲ್ಲ. ನಿಪ್ಪಲ್ ಬಿಚ್ಚಿ ಒಳಗೆ ಬ್ಯಾಟರಿ ಬಿಟ್ಟು ನೋಡು. ತಳದಲ್ಲಿ ಹಿತ್ತಾಳೆ ಬಣ್ಣ ಕಂಡರೆ ಬುಷ್ ಅಡ್ಡ ಕೂತಿದೆ ಅಂತ ತಿಳಿ. ಸ್ಪಿಂಡಲ್‌ನ ಕಪ್ಪು ಉಕ್ಕು ಕಂಡರೆ ದಾರಿ ತೆರೆದಿದೆ, ಬರೀ ಕಟ್ಟಿಕೊಂಡಿದೆ ಅಷ್ಟೇ.

ಅಡ್ಡ ಕೂತಿದ್ದರೂ ಅಲ್ಲೇ ಡ್ರಿಲ್ ಹಾಕಲು ಹೋಗಬೇಡ, ಚೂರು ಒಳಗೆ ಉಳಿದು ಸ್ಪಿಂಡಲ್ ಗೀರುತ್ತೆ. ಹೇಗೂ ಲಟಲಟ ಅನ್ನುತ್ತಿದೆ. ನೀರು ಬಿಡುವುದಕ್ಕೆ ಮುಂಚೆಯೇ ಸ್ಪಿಂಡಲ್ ಇಳಿಸಿ ಹೊಸ ಬುಷ್ ಹಾಕಿಸು, ಕೆಳಗಿನ ಥ್ರಸ್ಟ್ ಬೇರಿಂಗೂ ಜೊತೆಗೇ ಬದಲಿಸು. ಬಡಿಯುವ ಮುಂಚೆ ಬುಷ್‌ನ ತೂತಿನ ನೇರಕ್ಕೆ ಅಂಚಿನ ಮೇಲೊಂದು ಮಾರ್ಕರ್ ಗೆರೆ ಎಳೆಯಲು ಹೇಳು, ಆಕ್ಸಲ್ ಮೇಲೆ ನಿಪ್ಪಲ್ ನೇರಕ್ಕೆ ಇನ್ನೊಂದು. ಎರಡೂ ಗೆರೆ ಒಂದೇ ಸಾಲಿನಲ್ಲಿ ಇಳಿಯಬೇಕು. ಬುಷ್ ಕೂತ ಮೇಲೆ ಒಳ ಅಳತೆ ಸರಿಮಾಡುವ ರೀಮರ್ ಹೊಡೆದು, ಸ್ಪಿಂಡಲ್ ಏರಿಸುವ ಮುಂಚೆ ಖಾಲಿ ತೂತಿಗೆ ಗನ್ ಒತ್ತಿ ನೋಡು. ಬುಷ್ ಒಳಗೆ ಗ್ರೀಸ್ ಎಳೆ ಹೊರಬರುವುದು ಕಣ್ಣಿಗೆ ಕಂಡ ಮೇಲೆಯೇ ಸ್ಪಿಂಡಲ್ ಏರಿಸಲು ಬಿಡು.